ಹಬಶಿ ಹುಣಸೆಯ ಕೈನೀರು

ನಿಂಬೆವ್ವನನ್ನು ಯಾರಾದರೂ ತಮಾಷೆಗೆ ಡಾಕ್ಟರಬಾಯಿ ಎಂದು ಕರೆದರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. "ಒಂದ ಔಷಧ ಕೊಡಾಕಿ ಡಾಕ್ಟರ್ ಆದಳಂದ್ರ, ಒಂದ ಕುರಿ ಇದ್ದಾಂವ ಗೌಡ ಆಗಬೇಕಿತ್ತಲ್ಲೋ" ಎಂದು ಅಲ್ಲಿಯೇ ಬಾಯಿ ಮುಚ್ಚಿಸುತ್ತಿದ್ದಳು. ಮಾತೂ ಖರೇನೇ. ಅವಳ ಹತ್ತಿರ ಇದ್ದದ್ದು ಒಂದೇ ಔಷಧ. ವಾಂತಿ ಭೇದಿಯಾಗಿ ಕಣ್ಣು ಗುಳಿಬಿದ್ದ ಕೂಸುಗಳಿಗೆ ಕೊಡುವಂಥದ್ದು. ಜ್ವರಕ್ಕೆ, ಕೆಮ್ಮಿಗೆ, ಚೇಳು ಕಡಿದದ್ದಕ್ಕೆ ಬಂದವರನ್ನು ಅವಳು ಬಾಗಿಲಿನಿಂದಲೇ ಹೊರಳಿಸಿ ಕಳಿಸುತ್ತಿದ್ದಳು.

ಆಳಂದ ತಾಲೂಕಿನ ಸರಸಂಬಾದಲ್ಲಿ ಕುರುಬರ ಓಣಿಯ ಕೊನೆಯ ಮನೆ ಅವಳದು. ಗಂಡ ರೇವಣಪ್ಪ ವರ್ಷದಲ್ಲಿ ಹೆಚ್ಚು ದಿನ ಕುರಿಗಳ ಹಿಂದೆ ಭೀಮಾ ನದಿಯ ದಂಡೆಗುಂಟ ತಿರುಗುವವನು. ಮನೆಗೆ ಬಂದಾಗಲೂ ಕುರಿಗಳ ಜೊತೆ ಆಡಿದಷ್ಟು ಮಾತು ಹೆಂಡತಿಯ ಜೊತೆ ಆಡಿದವನಲ್ಲ. ಹೀಗಾಗಿ ನಿಂಬೆವ್ವನ ಸಂಸಾರವೆಂದರೆ ಹೆಚ್ಚುಕಡಿಮೆ ಅತ್ತೆ ಹಣಮವ್ವನ ಜೊತೆಗಿನ ಸಂಸಾರವೇ ಆಗಿತ್ತು. ಔಷಧವೂ ಆ ಅತ್ತೆಯಿಂದಲೇ ಬಂದದ್ದು.

ಊರ ಹೊರಗೆ ಒಂದು ಸಣ್ಣ ದರ್ಗಾ. ಅದರ ಮಗ್ಗುಲಿಗೆ ಒಂದು ಮರ. ಐದಾರು ಆಳು ಕೈ ಕೈ ಹಿಡಿದು ನಿಂತರೂ ಬುಡ ತಬ್ಬಲಾಗದು. ಮಳೆಗಾಲ ಬಿಟ್ಟರೆ ಮೈಮೇಲೆ ಎಲೆ ನಿಲ್ಲಿಸಿಕೊಳ್ಳದ ಮರ ಅದು. ಬೇಸಿಗೆಯಲ್ಲಿ ನೋಡಿದರೆ ಯಾರೋ ಸಿಟ್ಟಿನಿಂದ ಬುಡಮೇಲು ಮಾಡಿ ನೆಟ್ಟು ಹೋದ ಹಾಗೆ ಬೇರಿನಂಥ ಟೊಂಗೆಗಳು ಆಕಾಶಕ್ಕೆ ಚಾಚಿರುತ್ತಿದ್ದವು. ಊರವರು ಹಬಶಿ ಹುಣಸಿ ಅನ್ನುತ್ತಿದ್ದರು. ಮಹಾರಾಷ್ಟ್ರದ ಕಡೆಯಿಂದ ಬಂದ ಬೀಗರು ಗೋರಖ ಚಿಂಚ ಅನ್ನುತ್ತಿದ್ದರು. ದರ್ಗಾ ನೋಡಿಕೊಳ್ಳುತ್ತಿದ್ದ ಶರಫುದ್ದೀನನ ಹೆಂಡತಿ ಖುರ್ಷಿದಾಳ ಮನೆಯಲ್ಲಿ ಅದಕ್ಕೊಂದು ಕತೆಯೇ ಇತ್ತು. ಸುಲ್ತಾನರ ಕಾಲದಲ್ಲಿ ಆಫ್ರಿಕಾದಿಂದ ಸಮುದ್ರ ದಾಟಿಸಿ ತಂದ ಒಬ್ಬ ಹಬಶಿ ಸಿಪಾಯಿ, ತನ್ನ ಅವ್ವ ದಾರಿಗೆಂದು ಕಟ್ಟಿಕೊಟ್ಟ ಕಾಯಿಯ ಬೀಜಗಳನ್ನು ಸೊಂಟದಲ್ಲಿ ಇಟ್ಟುಕೊಂಡು ಬಂದಿದ್ದನಂತೆ. ತನ್ನ ಊರಿಗೆ ತಿರುಗಿ ಹೋಗುವ ಆಸೆ ಬಿಟ್ಟ ದಿನ ಅವನ್ನು ಇಲ್ಲಿ ಊರಿದನಂತೆ. ಖರೆಯೋ ಸುಳ್ಳೋ, ಮರವಂತೂ ಇಲ್ಲಿಯದಲ್ಲ ಅನ್ನುವುದು ನೋಡಿದರೇ ತಿಳಿಯುತ್ತಿತ್ತು.

ಖುರ್ಷಿದಾಳ ಮನೆಯವರು ಆ ಮರದ ತೊಗಟೆ ಕುದಿಸಿ ಚಳಿಜ್ವರಕ್ಕೆ ಕುಡಿಸುತ್ತಿದ್ದರು. ಮೈಯಲ್ಲಿ ಬಾವು ಬಂದಲ್ಲಿ ಎಲೆ ಅರೆದು ಕಟ್ಟುತ್ತಿದ್ದರು. ಊರವರು ಮಾತ್ರ ಪೀರರ ಗಿಡವೆಂದು ಅದರ ಕಾಯಿ ಮುಟ್ಟುತ್ತಿರಲಿಲ್ಲ. ಚಳಿಗಾಲ ಮುಗಿಯುವಾಗ ಉದ್ದ ತೊಟ್ಟಿಗೆ ಜೋತುಬಿದ್ದ ಕಾಯಿಗಳು ಒಣಗಿ ಗಾಳಿಗೆ ಒಂದಕ್ಕೊಂದು ಬಡಿಯುತ್ತಿದ್ದವು. ಹೊರಗೆ ಮುಟ್ಟಿದರೆ ಕರುವಿನ ಮೂತಿಯಷ್ಟು ಮೆತ್ತಗೆ, ಒಳಗಿನ ಚಿಪ್ಪು ಮಾತ್ರ ಗಟ್ಟಿ. ಕಲ್ಲಿನಿಂದ ಒಡೆದರೆ ಬೀಜಗಳ ಸುತ್ತ ಬಿಳಿಯ ಒಣ ತಿರುಳು, ನಾಲಿಗೆಗೆ ಇಟ್ಟರೆ ಹಲ್ಲು ಚುಳ್ಳೆನ್ನುವ ಹುಳಿ. ಹಣಮವ್ವನ ಔಷಧ ಆ ತಿರುಳೇ, ಆದರೆ ಅದು ಯಾವ ಗಿಡದ್ದೆಂದು ಮನೆಯ ಹೊರಗೆ ಯಾರಿಗೂ ಹೇಳುತ್ತಿರಲಿಲ್ಲ. ಭೇದಿಯಾದ ಕುರಿಮರಿಗಳಿಗೆ ಅವಳ ಹಿರಿಯರು ಕುಡಿಸುತ್ತಿದ್ದದ್ದನ್ನು ಎಂದೋ ಯಾವಳೋ ತಾಯಿ ಧೈರ್ಯ ಮಾಡಿ ಮನುಷ್ಯರ ಮರಿಗೂ ಕುಡಿಸಿದ್ದಳು. ಕುದಿಸಿ ಆರಿಸಿದ ಒಂದು ತಂಬಿಗೆ ನೀರು, ಅದರಲ್ಲಿ ಹಿಡಿ ತಿರುಳು ಕಿವುಚಿ ಸೋಸಿ, ಬೆಲ್ಲ ಹಾಕಿ, ಚಿಟಿಕೆ ಉಪ್ಪು ಹಾಕಿ, ಚಮಚದಲ್ಲಿ ಗುಟುಕು ಗುಟುಕಾಗಿ ತಂಬಿಗೆ ಖಾಲಿಯಾಗುವತನಕ ಕುಡಿಸಬೇಕು. ವಾಂತಿ ಮಾಡಿಕೊಂಡರೂ ಬಿಡದೆ ಮತ್ತೆ ಕುಡಿಸಬೇಕು.

ಇಷ್ಟೇ ಆಗಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ನಮ್ಮ ಜನ ಯಾವುದನ್ನಾದರೂ ಇಷ್ಟಕ್ಕೇ ಬಿಡುವವರೇ? ಔಷಧದ ಗುಣ ತಿರುಳಿನಲ್ಲಿಲ್ಲ, ಕೊಡುವ ಕೈಯಲ್ಲಿದೆ ಎಂದು ಆ ಮನೆತನದ ನಂಬಿಕೆ. ಆ ಕೈ ಹೆಣ್ಣಿನದೇ ಆಗಬೇಕು, ಒಂದು ಕಾಲಕ್ಕೆ ಒಬ್ಬಳದೇ ಆಗಬೇಕು. ಹಿರಿಯಳು ತನಗೆ ವಯಸ್ಸಾಯಿತು ಅನ್ನಿಸಿದಾಗ ಕಿರಿಯಳ ಬೊಗಸೆಯಲ್ಲಿ ಒಂದು ಚೂರು ತಿರುಳಿಟ್ಟು, ತನ್ನ ಬಲಗೈ ಮೇಲಿಂದ ಅದರೊಳಕ್ಕೆ ನೀರು ಬಿಡುತ್ತಾಳೆ. ಇದಕ್ಕೆ ಕೈನೀರು ಎಂದು ಹೆಸರು. ಕೈನೀರು ಬಿಟ್ಟ ಮೇಲೆ ಹಿರಿಯಳದು ಬರಿಗೈ. ಆಮೇಲೆ ಅವಳೇನಾದರೂ ಅದೇ ಔಷಧ ಕೊಟ್ಟರೆ ಕುಡಿದ ಕೂಸಿಗೆ ಅದು ವಿಷವಾಗುತ್ತದೆ.

ಎಪ್ಪತ್ತೆರಡರ ಚಳಿಗಾಲದಲ್ಲಿ ಹಣಮವ್ವ ತನ್ನ ಕೈ ನಡುಗುತ್ತಿದೆಯೆಂದು ಸೊಸೆಗೆ ಕೈನೀರು ಬಿಟ್ಟಳು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ಓಣಿಯ ಹೆಂಗಸರು ನಕ್ಕರು. ನಿಂಬೆವ್ವನಿಗೂ ಒಳಗೊಳಗೇ ಹೆಮ್ಮೆ. ಮೂರು ಮಕ್ಕಳ ತಾಯಿಯಾದರೂ ಆ ಮನೆಯಲ್ಲಿ ಅವಳಿಗೆ ತನ್ನದೆನ್ನುವಂಥದ್ದು ಸಿಕ್ಕಿದ್ದು ಅದೇ ಮೊದಲು. ತಿರುಳಿನ ಬಟ್ಟೆಯ ಸಂಚಿಯನ್ನು ಅಡುಗೆ ಮನೆಯ ಗೂಟಕ್ಕೆ ತೂಗುಹಾಕಿ, ಅದರ ಕೆಳಗೆ ಅರಿಸಿನದಲ್ಲಿ ಅದ್ದಿದ ತನ್ನ ಅಂಗೈ ಒತ್ತಿದಳು.

ಮರುವರ್ಷ ಮಳೆಗಾಲದಲ್ಲಿ ನರೋಣಾದ ತವರಿನಿಂದ ಅಪ್ಪ ಸಾಯುವ ಸ್ಥಿತಿಯಲ್ಲಿದ್ದಾನೆಂದು ಸುದ್ದಿ ಬಂತು. ಹಿರಿಯ ಮಗ ಮಾಳಿಂಗಪ್ಪ ತಂದೆಯ ಜೊತೆ ಕುರಿ ಹಿಂದೆ ಹೋಗಿದ್ದ. ನಡುವಿನವಳನ್ನು ಕರೆದುಕೊಂಡು, ಕಿರಿಯವನನ್ನು ಅಜ್ಜಿಯ ಹತ್ತಿರ ಬಿಟ್ಟು ನಿಂಬೆವ್ವ ಹೋದಳು. ಕಿರಿಯವನ ಹೆಸರು ದೇವೀಂದ್ರಪ್ಪ. ನಾಲ್ಕು ವರ್ಷದವನು, ಅಜ್ಜಿಯ ಸೆರಗು ಬಿಟ್ಟು ಇರುತ್ತಿರಲಿಲ್ಲ. ಅವಳು ಹೋದ ಎರಡನೆಯ ದಿನ ಅವನಿಗೆ ಭೇದಿ ಹತ್ತಿತು.

ಹಣಮವ್ವ ಸೊಸೆಯನ್ನು ಕರೆತರಲು ಆಳು ಕಳಿಸಿದಳು. ಹಳ್ಳಗಳು ಬಂದು ದಾರಿ ಕಟ್ಟಿತ್ತು. ಸುದ್ದಿ ಮುಟ್ಟಿ ನಿಂಬೆವ್ವ ಮೊಣಕಾಲ ಕೆಸರಿನಲ್ಲಿ ಓಡಿಕೊಂಡು ಬಂದು ಹೊಸ್ತಿಲಲ್ಲಿ ನಿಂತಾಗ ಹುಡುಗನನ್ನು ಕಂಬಳಿಯ ಮೇಲೆ ಮಲಗಿಸಿ ಮುಖ ಮುಚ್ಚಿದ್ದರು. ಅವಳ ಕಣ್ಣು ಮೊದಲು ಹೋದದ್ದು ಮಗನ ಕಡೆಗಲ್ಲ, ಗೂಟದ ಕಡೆಗೆ. ಸಂಚಿ ತುಂಬಿ ತೂಗುತ್ತಿತ್ತು.

"ಸಂಚಿ ಇಲ್ಲೇ ಅದಲ್ಲಬೇ ಅತ್ತಿ" ಅಂದಳು.

"ನನ್ನ ಕೈ ಬರಿಗೈ ಆಗ್ಯಾದಲ್ಲಬೇ ತಂಗಿ" ಹಣಮವ್ವ ಎದೆ ಬಡಿದುಕೊಂಡಳು. "ಕೊಟ್ಟಿದ್ದರ ವಿಷ ಆಗ್ತಿತ್ತು. ನನ್ನ ಕೈಯಾರ ನನ್ನ ಮೊಮ್ಮಗಗ ವಿಷ ಹ್ಯಾಂಗ ಹಾಕಲಿ?"

ಆ ಊರಿನಲ್ಲಿ ಒಬ್ಬರೂ ಹಣಮವ್ವನದು ತಪ್ಪು ಅನ್ನಲಿಲ್ಲ. ಪಾಪ, ಮುದುಕಿ ಮತ್ತೇನು ಮಾಡಬೇಕಿತ್ತು ಅಂದರು. ನಿಂಬೆವ್ವನೂ ತಪ್ಪು ಅನ್ನಲಿಲ್ಲ. ಕೈನೀರಿನ ಕಟ್ಟಳೆ ಅವಳಿಗೂ ಗೊತ್ತಿತ್ತು, ನಂಬಿಕೆಯೂ ಇತ್ತು. ಆದರೆ ನಂಬಿಕೆ ಬೇರೆ, ಹೆತ್ತ ಹೊಟ್ಟೆ ಬೇರೆ. ಅಂದಿನಿಂದ ಅವಳು ಅತ್ತೆಯ ಜೊತೆ ಮಾತು ಬಿಟ್ಟಳು. ಹೊತ್ತಿಗೆ ಸರಿಯಾಗಿ ರೊಟ್ಟಿ ಬಡಿದು ಮುಂದಿಟ್ಟಳು, ನೀರು ಕಾಸಿ ಎರೆದಳು, ಹಾಸಿಗೆ ಹಿಡಿದಾಗ ಹೊಲಸು ಬಳಿದಳು, ಒಂದು ಮಾತು ಮಾತ್ರ ಆಡಲಿಲ್ಲ. ಅತ್ತೆ ಸಾಯುವ ಮುಂದೆ ಸೊಸೆಯ ಬಲಗೈ ಹಿಡಿದುಕೊಂಡು ಏನೋ ಹೇಳಲು ಬಾಯಿ ತೆರೆದಳು. ನಿಂಬೆವ್ವ ಕೈ ಬಿಡಿಸಿಕೊಂಡು ನೀರು ತರಲು ಎದ್ದು ಹೋದಳು. ತಂದಾಗ ನೀರು ಬೇಕಾಗಿರಲಿಲ್ಲ.

ಔಷಧ ಕೊಡುವುದನ್ನು ಮಾತ್ರ ಅವಳು ನಿಲ್ಲಿಸಲಿಲ್ಲ. ಯಾರ ಮನೆಯಲ್ಲಿ ಕೂಸಿನ ಹೊಟ್ಟೆ ಕೆಟ್ಟರೂ ಸಂಚಿ ತೆಗೆದುಕೊಂಡು ಓಡುತ್ತಿದ್ದಳು. ಕೂಲಿ ಕೆಲಸ ಬಿಟ್ಟು ಓಡುತ್ತಿದ್ದಳು, ಉಣ್ಣುವ ಗಂಗಾಳ ಸರಿಸಿ ಓಡುತ್ತಿದ್ದಳು. ಬಾಗಿಲು ತೆರೆಯುವುದು ಒಂದು ಗಳಿಗೆ ತಡವಾಯಿತೆಂದರೆ ತಾನೇ ದೂಡಿಕೊಂಡು ಒಳಗೆ ಹೋಗುತ್ತಿದ್ದಳು.

ಎಂಬತ್ತೆರಡರಲ್ಲಿ ಮುಂಗಾರು ಒಮ್ಮೆಲೇ ಹೊಡೆಯಿತು. ಓಣಿಗಳ ಹೊಲಸೆಲ್ಲ ಹರಿದು ಊರ ಬಾವಿ ಸೇರಿತು. ಆ ವಾರದಲ್ಲೇ ವಾಂತಿ ಭೇದಿ ಶುರುವಾಯಿತು. ಮೊದಲು ಕುರುಬರ ಓಣಿ, ಆಮೇಲೆ ಲಿಂಗಾಯತರ ಓಣಿ, ಆಮೇಲೆ ಯಾವ ಓಣಿ ಎಂದು ಕೇಳುವ ಹಾಗೆಯೇ ಇರಲಿಲ್ಲ. ಆಳಂದದಿಂದ ಗೌರಾಬಾಯಿ ಎಂಬ ನರ್ಸ್ ಬಂದಳು. ಗಟ್ಟಿ ಹೆಂಗಸು. ಸೀರೆ ಎತ್ತಿ ಕಟ್ಟಿ ಕೆಸರಿನಲ್ಲಿ ಮನೆಮನೆಗೆ ತಿರುಗಿದಳು, ಬಾವಿಗೆ ಔಷಧ ಹಾಕಿಸಿದಳು, ದೊಡ್ಡವರಲ್ಲಿ ತೀರ ಸೋತವರನ್ನು ಟ್ರ್ಯಾಕ್ಟರಿನಲ್ಲಿ ಹೇರಿ ಕಳಿಸಿದಳು. ಆದರೆ ನೀರಿಗೆ ಕಲಸಿ ಕುಡಿಸಲು ಅವಳು ತಂದ ಪುಡಿಯ ಪಾಕೀಟುಗಳು ಒಂದೇ ದಿನಕ್ಕೆ ಮುಗಿದವು. ಅಷ್ಟರಲ್ಲಿ ಹಳ್ಳ ಬಂದು ಬಸ್ಸೂ ನಿಂತಿತು, ಟ್ರ್ಯಾಕ್ಟರೂ ನಿಂತಿತು.

ನಿಂಬೆವ್ವ ಒಂದು ಮನೆಯಿಂದ ಇನ್ನೊಂದಕ್ಕೆ ಓಡುತ್ತಿದ್ದಳು. ಒಂದು ಕೂಸಿನ ಹತ್ತಿರ ಕುಳಿತು ತಂಬಿಗೆ ಮುಗಿಸಲು ಅರ್ಧ ದಿನ ಬೇಕು. ಬಾಗಿಲಲ್ಲಿ ಕಾದು ನಿಂತವರು ಸೆರಗು ಹಿಡಿದು ಎಳೆಯುತ್ತಿದ್ದರು. ಅಂಥ ಒಂದು ಮನೆಯಲ್ಲಿ ನರ್ಸ್ ಅವಳ ಪಕ್ಕ ಬಂದು ಕುಳಿತು, ತಂಬಿಗೆಯಲ್ಲಿ ಬೆರಳದ್ದಿ ನಾಲಿಗೆಗೆ ಹಚ್ಚಿಕೊಂಡಳು.

"ಹುಳಿ ಏನಂತ ಕೇಳಂಗಿಲ್ರಿ. ನಿಮ್ಮ ಗುಟ್ಟು ನಿಮಗಿರ್ಲಿ" ಅಂದಳು. "ಆದ್ರ ಉಪ್ಪು, ಬೆಲ್ಲ, ಕಾಸಿದ ನೀರು ಅದಾವಲ್ಲ, ಇವು ನನ್ನ ಪುಡಿಯೊಳಗೂ ಅವ. ಈ ಬ್ಯಾನ್ಯಾಗ ಕೂಸು ಸಾಯೂದು ಮೈಯಾಗಿನ ನೀರು ಹೋಗಿ. ನಾ ನೀರು ಕುಡಸ್ರಿ ಅಂದ್ರ ಒಬ್ಬರೂ ಕುಡಸವಲ್ಲರು. ನೀರು ಕೊಟ್ಟರ ಮತ್ತ ಹೋಗ್ತದ ಅಂತಾರ. ನಿಮ್ಮ ಔಷಧ ಅಂದ್ರ ತಂಬಿಗಿಗಟ್ಟಲೆ ಕುಡಸ್ತಾರ."

"ನಾ ಒಬ್ಬಾಕಿ ಎಷ್ಟ ಮನಿಗೆ ಹೋಗ್ಲಿರಿ ಬಾಯಿ?"

"ಅದನ್ನ ನಾನೂ ಕೇಳಾಕತ್ತೇನಿ. ಮನಿಗೊಬ್ಬಾಕಿಗೆ ಕಲಸ್ರಿ."

ನಿಂಬೆವ್ವ ಇನ್ನೊಂದು ಚಮಚ ಕೂಸಿನ ಬಾಯಿಗೆ ಬಿಟ್ಟಳು. ಕಲಿಸುವುದೆಂದರೆ ಕೈ ಬಿಟ್ಟುಕೊಡುವುದು ಅನ್ನುವುದು ಆಳಂದದ ಬಾಯಿಗೆ ಹೇಗೆ ತಿಳಿಯಬೇಕು? ಮನೆಯಲ್ಲಿ ಎರಡು ವರ್ಷದ ಮೊಮ್ಮಗಳು ರೇವಮ್ಮ ಇದ್ದಳು. ಮಾಳಿಂಗಪ್ಪನ ಮಗಳು. ಸೊಸೆ ಎರಡನೆಯ ಬಾಣಂತನಕ್ಕೆ ಅಫಜಲಪುರದ ಕಡೆಯ ತವರಿಗೆ ಹೋಗಿದ್ದಳು. ಇವತ್ತು ಕೈ ಬಿಟ್ಟುಕೊಟ್ಟು ನಾಳೆ ಆ ಕೂಸು ಮಲಗಿದರೆ, ಹಣಮವ್ವ ಕುಳಿತ ಜಾಗದಲ್ಲಿ ತಾನು ಕುಳಿತಿರಬೇಕು.

ಅಂದು ಸಂಜೆ ಊರ ಅಗಸಿ ಬಾಗಿಲಿನ ಆಚೆ ದೌಲತರಾಯನೆಂಬ ರೈತನ ಮನೆಗೆ ಅವಳು ಹೋಗುವಷ್ಟರಲ್ಲಿ ತಡವಾಗಿತ್ತು. ಅವನ ಹೆಂಡತಿ ಮಡಿಲಲ್ಲಿ ಕೂಸನ್ನು ಇಟ್ಟುಕೊಂಡು ಕುಳಿತಿದ್ದಳು. ನಿಂಬೆವ್ವನ ಮುಖ ನೋಡಿದಳು, ಕೈಯಲ್ಲಿದ್ದ ಸಂಚಿ ನೋಡಿದಳು.

"ಈಗ ಬಂದೇನಬೇ?" ಅಂದಳು. ಬೈಗುಳವಲ್ಲ, ಅಳುವೂ ಅಲ್ಲ. ಸುಮ್ಮನೆ ಕೇಳಿದಳು.

ಒಂಬತ್ತು ವರ್ಷದ ಹಿಂದೆ ತಾನು ತನ್ನ ಹೊಸ್ತಿಲಲ್ಲಿ ನಿಂತದ್ದು ನಿಂಬೆವ್ವನ ಕಣ್ಣ ಮುಂದೆ ಬಂತು. ಆ ದಿನ ಸಂಚಿ ಇತ್ತು, ಕೈ ಇರಲಿಲ್ಲ. ಈ ದಿನ ಸಂಚಿಯೂ ಇತ್ತು, ಕೈಯೂ ಇತ್ತು, ಆದರೆ ಕೈ ಒಂದೇ ಇತ್ತು. ಸತ್ತ ಕೂಸಿಗೆ ಎರಡೂ ಒಂದೇ.

ಮರುದಿನ ಬೆಳಿಗ್ಗೆ ಬ್ಯಾನೆ ಬಿದ್ದ ಮನೆಗೊಬ್ಬ ಹೆಂಗಸು ಹಬಶಿ ಹುಣಸೆಯ ಕಟ್ಟೆಗೆ ಬರಬೇಕೆಂದು ಅವಳು ಹೇಳಿಕಳಿಸಿದಳು. ಮಾಳಿಂಗಪ್ಪನಿಗೆ ಸುಳಿವು ಸಿಕ್ಕಿ ಬಾಗಿಲಿಗೆ ಅಡ್ಡ ನಿಂತ.

"ಊರಿಗೆ ಉಪಕಾರಿ, ಮನಿಗೆ ಮಾರಿ ಅಂತಾರಲ್ಲ, ಹಂಗಾತು ನಿಂದು. ನಾಳಿ ನಮ್ಮ ರೇವಿಗೆ ಬಂದ್ರ ಯಾರ ಕೈ ನೋಡ್ಲಿ ಯವ್ವಾ?"

"ಖುರ್ಷಿದಾಗ ಮೊದಲ ಹಾಕ್ತೇನಿ. ಆಕಿ ಮನ್ಯಾಗ ಬ್ಯಾನಿ ಇಲ್ಲ. ಕರದ್ರ ಓಡಿ ಬರ್ತಾಳ."

"ದೇವೀಂದ್ರ ಹೋದಾಗ ನಿನ್ನನ್ನೂ ಕರಿಯಾಕ ಮಂದಿ ಹೋಗಿತ್ತು ಯವ್ವಾ."

ಮಗ ಆ ಹೆಸರು ಎತ್ತಿದ್ದು ಅದೇ ಮೊದಲು. ನಿಂಬೆವ್ವ ಸಂಚಿಯನ್ನು ಕಂಕುಳಿಗೆ ಇರುಕಿಕೊಂಡಳು. "ದಾರಿ ಬಿಡೋ" ಎಂದಷ್ಟೇ ಹೇಳಿ ಅವನ ತೋಳು ಸರಿಸಿ ಹೊರಬಿದ್ದಳು.

ಕಟ್ಟೆಯ ಸುತ್ತ ಹೆಂಗಸರು ಕೊಡೆಯಿಲ್ಲದೆ ಜಿನುಗು ಮಳೆಯಲ್ಲಿ ನಿಂತಿದ್ದರು. ನಿಂಬೆವ್ವ ಸಂಚಿ ಬಿಚ್ಚಿ ತಿರುಳು ತೋರಿಸಿದಳು. ಆಮೇಲೆ ತಲೆಯ ಮೇಲಿನ ಮರ ತೋರಿಸಿದಳು. ಹಿಂದಿನಿಂದ ಒಬ್ಬಳು, "ಅಯ್ಯ ಶಿವನ, ಈ ಗಿಡ ಏನು? ದಿನಾ ಇದರ ಬುಡಕ ಕಟಗಿ ಆರಸ್ತೇವಲ್ಲಬೇ" ಅಂದಳು. ಅಂಥ ಹೊತ್ತಿನಲ್ಲೂ ನಾಲ್ಕು ಜನ ನಕ್ಕರು. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಸುಮ್ಮನೆ ಹುಟ್ಟಿದ ಮಾತಲ್ಲ. ಖುರ್ಷಿದಾ ಮಾತ್ರ ಅಚ್ಚರಿಪಡಲಿಲ್ಲ. ವರ್ಷಾ ವರ್ಷಾ ನಸುಕಿನಲ್ಲಿ ನಿಂಬೆವ್ವ ಕಾಯಿ ಆರಿಸುವುದನ್ನು ಅವಳು ಕಿಟಕಿಯಿಂದ ನೋಡುತ್ತಿದ್ದಳು. ನೋಡಿ, ಮುಖ ಆ ಕಡೆ ತಿರುಗಿಸಿಕೊಳ್ಳುತ್ತಿದ್ದಳು.

ಮೊದಲ ಬೊಗಸೆ ಅವಳದೇ. ತಿರುಳಿನ ಚೂರು ಇಟ್ಟು, ಬಲಗೈ ಮೇಲಿಂದ ನೀರು ಬಿಟ್ಟಾಗ ನಿಂಬೆವ್ವನಿಗೆ ಅಂಗೈಯಿಂದ ಏನೋ ಖರೇನೇ ಇಳಿದು ಹೋದ ಹಾಗಾಯಿತು. ಇನ್ನೊಬ್ಬಳ ಬೊಗಸೆಗೆ ಬಿಟ್ಟಳು, ಮತ್ತೊಬ್ಬಳದಕ್ಕೆ ಬಿಟ್ಟಳು. ಖಾಲಿಯಾದ ಕೈಯಿಂದ ಮತ್ತೆ ಹೇಗೆ ಕೊಡುತ್ತೀ ಎಂದು ಯಾರೂ ಕೇಳಲಿಲ್ಲ. ಕೂಸು ಸಾಯುವ ಮನೆಯಿಂದ ಬಂದವರಿಗೆ ಅಷ್ಟು ಬಿಡುವು ಇರಲಿಲ್ಲ. ದೌಲತರಾಯನ ಹೆಂಡತಿಯೂ ಬಂದು ಕೊನೆಯಲ್ಲಿ ನಿಂತಿದ್ದಳು. ಅವಳ ಮನೆಯಲ್ಲಿ ಇನ್ನೊಂದು ಕೂಸಿತ್ತು. ಅವಳ ಬೊಗಸೆಗೆ ನೀರು ಬಿಡುವಾಗ ನಿಂಬೆವ್ವ ತಲೆ ಎತ್ತಲಿಲ್ಲ.

ಮಾರನೆಯ ದಿನ ಹೊತ್ತು ಏರುವ ಮುಂದೆ ರೇವಮ್ಮನಿಗೆ ಹತ್ತಿಕೊಂಡಿತು.

ಮಾಳಿಂಗಪ್ಪ ದರ್ಗಾದ ಕಡೆ ಓಡಿದ. ಖುರ್ಷಿದಾ ಮನೆಯಲ್ಲಿರಲಿಲ್ಲ. ಹಳ್ಳದ ಆಚೆಯ ತಾಂಡಾದಲ್ಲಿ ಮಕ್ಕಳು ಮಲಗಿವೆ ಎಂದು ಕೇಳಿ ಬೆಳಿಗ್ಗೆ ಹಳ್ಳ ಮತ್ತೆ ಏರುವ ಮೊದಲೇ ಸಂಚಿ ಹಿಡಿದು ದಾಟಿ ಹೋಗಿದ್ದಳು. ಕಲಿಸಿದ ಕೆಲಸವನ್ನೇ ಮಾಡಲು ಹೋಗಿದ್ದಳು, ಅವಳನ್ನು ಬೈಯುವ ಹಾಗೂ ಇರಲಿಲ್ಲ. ಉಳಿದ ಕೈಗಳೆಲ್ಲ ಬ್ಯಾನೆ ಬಿದ್ದ ಮನೆಗಳಲ್ಲಿದ್ದವು. ತನ್ನ ಮನೆಯಲ್ಲೇ ಬ್ಯಾನೆ ಇದ್ದವಳು ಇನ್ನೊಂದು ಬ್ಯಾನೆಯ ಮನೆಗೆ ಹೆಜ್ಜೆ ಇಟ್ಟರೆ ಎರಡೂ ಕೂಸಿಗೆ ಕೇಡು ಎಂದು ಊರಿನ ಕಟ್ಟಳೆ, ಯಾವ ತಾಯಿಯೂ ಅದನ್ನು ಮೀರುತ್ತಿರಲಿಲ್ಲ. ನರ್ಸ್ ಪುಡಿ ತರಲು ನಡೆದುಕೊಂಡೇ ಮುಂದಿನ ಊರಿಗೆ ಹೋಗಿದ್ದಳು. ಮಾಳಿಂಗಪ್ಪ ಬಾಗಿಲಿಗೆ ಬಂದು ಇಷ್ಟು ಹೇಳಿ, ಹಳ್ಳದ ಕಡೆಗೆ ಹೊರಳಿದ. ಈ ಸಲ ತಾಯಿಯ ಮುಖ ನೋಡಲಿಲ್ಲ.

ಮನೆಯಲ್ಲಿ ಉಳಿದವರು ಇಬ್ಬರೇ. ನಿಂಬೆವ್ವ ನೀರು ಕುದಿಸಿ ಆರಿಸಿದಳು, ತಿರುಳು ಕಿವುಚಿದಳು, ಬೆಲ್ಲ ಉಪ್ಪು ಹಾಕಿದಳು. ಖುರ್ಷಿದಾ ಬಂದ ಕೂಡಲೇ ಕುಡಿಸಬಹುದೆಂದು ಎಲ್ಲ ತಯಾರಿಟ್ಟು, ಕೂಸನ್ನು ಮಡಿಲಿಗೆ ಹಾಕಿಕೊಂಡು ಬಾಗಿಲಿಗೆ ಕಣ್ಣಿಟ್ಟು ಕುಳಿತಳು. ಕೂಸಿನ ಮೈ ಆಗಾಗ ಹಿಂಡಿದ ಹಾಗೆ ಬಾಗುತ್ತಿತ್ತು. ಬರಬರುತ್ತ ಅದು ಅಳುವುದನ್ನೂ ಬಿಟ್ಟಿತು. ಕಣ್ಣು ಗುಳಿಬಿದ್ದವು. ಹೊಟ್ಟೆಯ ಚರ್ಮ ಹಿಡಿದು ಬಿಟ್ಟರೆ ಎದ್ದದ್ದು ಎದ್ದೇ ಇತ್ತು.

ಆ ಮನೆಯಲ್ಲಿ ಕೂಡುವ ಜಾಗ ಅದೊಂದೇ, ಒಲೆಯ ಎದುರಿನ ಗೋಡೆ. ಹಣಮವ್ವನೂ ಇಲ್ಲಿಯೇ ಕುಳಿತಿದ್ದಳು. ಅದೇ ಗೂಟ ಎದುರಿಗೆ, ಅದೇ ಸಂಚಿ. ಮುದುಕಿ ಸಂಚಿ ನೋಡುತ್ತ, ಬಾಗಿಲು ನೋಡುತ್ತ, ಮಡಿಲು ನೋಡುತ್ತ ಎಷ್ಟು ಹೊತ್ತು ಕುಳಿತಿದ್ದಳೋ. ನಿಂಬೆವ್ವನಿಗೆ ಇದನ್ನು ಒಮ್ಮೆಯೂ ಯೋಚಿಸಲು ಆಗಿರಲಿಲ್ಲ. ಸತ್ತ ಮಗನನ್ನು ನೆನೆದಿದ್ದಳು, ತುಂಬಿದ ಸಂಚಿಯನ್ನು ನೆನೆದಿದ್ದಳು. ಕುಳಿತ ಮುದುಕಿಯನ್ನು ನೆನೆದಿರಲಿಲ್ಲ.

"ಆಯಿ, ನೀರು" ಅಂದಿತು ಕೂಸು. ತುಟಿ ಅಲುಗಿತು ಅಷ್ಟೇ, ದನಿ ಇರಲಿಲ್ಲ.

ದೇವೀಂದ್ರನೂ ಕೇಳಿರಬೇಕು. ಆಯಿ, ನೀರು ಎಂದು ತನ್ನ ಅಜ್ಜಿಯನ್ನು ಹೀಗೆಯೇ ಕೇಳಿರಬೇಕು. ನಿಂಬೆವ್ವನಿಗೆ ತಡೆಯಲಾಗಲಿಲ್ಲ. ಚಮಚ ಎತ್ತಿದಳು. ಅರ್ಧ ಸೀರೆಯ ಮೇಲೆ ಚೆಲ್ಲಿತು. ಕೂಸಿನ ಬಾಯಿಯ ಹತ್ತಿರ ಒಯ್ದು, ಮತ್ತೆ ತನ್ನ ಬಾಯಿಗೆ ತಂದು ತಾನೇ ಕುಡಿದಳು. ಬರಿಗೈಯ ಔಷಧ ವಿಷವಾದರೆ ಮೊದಲು ತನಗಾಗಲಿ. ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. ಹುಳಿ ಗಂಟಲಲ್ಲಿ ಇಳಿಯಿತು, ಹಿಂದೆಯೇ ಬೆಲ್ಲದ ಸಿಹಿ ಬಂತು. ಮತ್ತೇನೂ ಆಗಲಿಲ್ಲ.

ಇನ್ನೊಂದು ಚಮಚ ಎತ್ತಿ ಕೂಸಿನ ತುಟಿಗೆ ಹಚ್ಚಿದಳು.

ಕೂಸು ಚೀಪಿತು. ವಾಂತಿ ಮಾಡಿಕೊಂಡಿತು. ಕೆಟ್ಟೆ, ಕೊಂದೆ ಎಂದು ಅವಳ ಬಾಯಿ ಬಡಬಡಿಸುತ್ತಿದ್ದರೂ ಕೈ ಮಾತ್ರ ಇಷ್ಟು ವರ್ಷಗಳ ಅಭ್ಯಾಸದಂತೆ ಮತ್ತೆ ತಂಬಿಗೆಗೆ ಇಳಿಯಿತು. ತನಗೊಂದು ಗುಟುಕು, ಕೂಸಿಗೊಂದು ಗುಟುಕು. ತನಗೊಂದು, ಕೂಸಿಗೊಂದು. ಹೀಗೇ ಮಧ್ಯಾಹ್ನ ಕಳೆಯಿತು. ತಂಬಿಗೆ ಮುಗಿದಾಗ ಇನ್ನೊಂದು ಕಲಸಿದಳು. ಆಮೇಲಾಮೇಲೆ ತನ್ನ ಗುಟುಕು ಮರೆತೇ ಹೋಯಿತು.

ಹೊತ್ತು ಇಳಿಯುವಾಗ ಅವಳ ತೊಡೆ ಬೆಚ್ಚಗಾಯಿತು. ಏನೆಂದು ತಿಳಿಯಲು ಒಂದು ಕ್ಷಣ ಬೇಕಾಯಿತು. ಕೂಸು ಉಚ್ಚೆ ಹೊಯ್ದಿತ್ತು. ಬೆಳಗಿನಿಂದ ಒಂದು ಹನಿ ಇಳಿಯದಿದ್ದ ಮೈಯಿಂದ ನೀರು ಬಂದಿತ್ತು. ಒದ್ದೆಯಾದ ಸೀರೆ ನೋಡಿ ನಿಂಬೆವ್ವ ಒಬ್ಬಳೇ ನಕ್ಕಳು. ಎತ್ತಿ ಕೂಸಿನ ಹೊಟ್ಟೆಗೆ ಮುಖ ಒತ್ತಿ ನಕ್ಕಳು. ನಗುತ್ತ ನಗುತ್ತ ಅದು ಅಳುವಾಯಿತು, ಸಾದಾ ಅಳುವಲ್ಲ, ಹೆಣದ ಮುಂದೆ ಅಳುವ ಅಳು, ಓಣಿಗೆಲ್ಲ ಕೇಳುವಷ್ಟು.

ಸೊಂಟದತನಕ ನೆನೆದ ಖುರ್ಷಿದಾ ಅದೇ ಹೊತ್ತಿಗೆ ಅಗಸಿಯೊಳಗೆ ಕಾಲಿಟ್ಟಿದ್ದಳು. ಹಳ್ಳ ತುಸು ಇಳಿದ ಕೂಡಲೇ ಮಾಳಿಂಗಪ್ಪ ಕೈ ಹಿಡಿದು ದಾಟಿಸಿಕೊಂಡು ಬಂದಿದ್ದ. ಅಳು ಕೇಳಿ ಅವನು ದಾರಿಯಲ್ಲೇ ಕುಸಿದು ಕುಳಿತ. ಖುರ್ಷಿದಾ ಒಬ್ಬಳೇ ಒಳಗೆ ಓಡಿದಳು.

"ಯಾ ಅಲ್ಲಾ! ನಿಂಬಕ್ಕಾ, ನಾ ತಡಾ ಮಾಡಿದೆನೇನು?"

ಮಡಿಲಲ್ಲಿದ್ದ ರೇವಮ್ಮ ಕಣ್ಣು ತೆರೆದು ಅವಳನ್ನೇ ನೋಡುತ್ತಿದ್ದಳು. ಖುರ್ಷಿದಾ ಕೂಸನ್ನು ನೋಡಿದಳು, ಖಾಲಿ ತಂಬಿಗೆ ನೋಡಿದಳು, ಚಮಚ ನೋಡಿದಳು. ಅವಳಿಗೆ ಎಲ್ಲ ತಿಳಿಯಿತು. ಒಂದು ತಿಳಿಯಲಿಲ್ಲ.

"ಜೀವ ಉಳದಾದಲ್ಲಕ್ಕಾ! ಮತ್ಯಾಕ ಅಳಾಕತ್ತಿ?"

"ನಮ್ಮ ಅತ್ತಿ ಕೈಯಾಗೂ ಇತ್ತು ಖುರ್ಷಿದಾ" ನಿಂಬೆವ್ವ ಬಿಕ್ಕಿದಳು. "ಕೈ ಎಲ್ಲಿಗೂ ಹೋಗಿರಲಿಲ್ಲ. ಆಕಿಗೆ ಯಾರೂ ಹೇಳಲಿಲ್ಲ. ಕೊಟ್ಟಿದ್ದರ ನನ್ನ ಮಗ ಉಳೀತಿದ್ದ. ಆಕಿ ವಿಷ ಆಗ್ತದಂತ ಅಂಜಿ ಕುಂತಳು. ಪ್ರೀತಿ ಇದ್ದದ್ದಕ್ಕ ಅಂಜಿ ಕುಂತಳು. ನಾ ಆಕಿ ಸಾಯೂತನಕ ಮಾತಾಡಲಿಲ್ಲ."

ಖುರ್ಷಿದಾ ಒದ್ದೆ ಸೀರೆಯಲ್ಲಿಯೇ ಅವಳ ಪಕ್ಕ ಕುಳಿತು ಬೆನ್ನು ಸವರಿದಳು.

ಊರಿನಲ್ಲಿ ಆಮೇಲೆ ಬಗೆಬಗೆಯ ಮಾತು ಹುಟ್ಟಿತು. ಕೈನೀರು ಬಹಳ ಜನಕ್ಕೆ ಬಿಟ್ಟಿದ್ದಕ್ಕೆ ಅದು ಮುಗಿಯದೆ ಉಳಿಯಿತು ಎಂದು ಕೆಲವರು, ಪೀರರ ಕೃಪೆ ಎಂದು ಕೆಲವರು. ಗೌರಾಬಾಯಿ ನೀರಿನ ಗುಣ ಅಂದಳು. ನಿಂಬೆವ್ವ ಯಾರ ಜೊತೆಯೂ ವಾದಿಸಲಿಲ್ಲ. ತಾನು ತಿಳಿದದ್ದು ತನಗೆ ಸಾಕಾಗಿತ್ತು, ಅದರ ಭಾರವೂ ಸಾಕಾಗಿತ್ತು. ಊರಿಗೆ ಬಂದ ಸೊಸೆಯರಿಗೆಲ್ಲ, ಯಾವ ಓಣಿಯವರೇ ಇರಲಿ, ಕರೆದು ಕಲಿಸತೊಡಗಿದಳು. "ರಕ್ತ ಬಿತ್ತಂದ್ರ, ಕೂಸು ಕಣ್ಣು ತೆರೀಲಿಲ್ಲಂದ್ರ ಇದನ್ನ ಕುಡಸ್ಕೋತನ ಆಳಂದಕ ಓಡ್ರಿ. ಗಿಡ ಡಾಕ್ಟರ್ ಅಲ್ಲ, ನಾನೂ ಅಲ್ಲ" ಎಂದು ಎಚ್ಚರಿಸುತ್ತಿದ್ದಳು. ವರ್ಷಗಳು ಉರುಳಿದಂತೆ ಪುಡಿಯ ಪಾಕೀಟು ಕಿರಾಣಿ ಅಂಗಡಿಗೇ ಬಂತು, ಊರಿಗೆ ನಳ ಬಂತು, ಅವಳ ಬಾಗಿಲು ಬಡಿಯುವವರು ಕಡಿಮೆಯಾದರು. ಅದಕ್ಕೆ ಅವಳಿಗೆ ಬೇಸರವೇನೂ ಇರಲಿಲ್ಲ. ಬೇಸಿಗೆಯಲ್ಲಿ ಅದೇ ತಿರುಳಿನ ಶರಬತ್ತು ಮಾಡಿ, ಖುರ್ಷಿದಾಳನ್ನು ಕೂಗಿ ಕರೆದು, ಇಬ್ಬರೂ ಕಟ್ಟೆಯ ಮೇಲೆ ಕುಳಿತು ಕುಡಿಯುತ್ತಿದ್ದರು.

ತೊಂಬತ್ತೊಂಬತ್ತರಲ್ಲಿ ರೇವಮ್ಮನ ಮದುವೆಯಾಯಿತು. ಗಂಡನ ಊರು ಜೇವರ್ಗಿಯ ಆಚೆ. ಹೊರಡುವ ಬೆಳಿಗ್ಗೆ ನಿಂಬೆವ್ವ ಅವಳನ್ನು ಒಲೆಯ ಎದುರಿನ ಗೋಡೆಗೆ ಕೂಡಿಸಿದಳು. ಗೂಟದಿಂದ ಸಂಚಿ ಇಳಿಸಿ ಮದರಂಗಿಯ ಬೊಗಸೆಯಲ್ಲಿ ತಿರುಳಿನ ಚೂರಿಟ್ಟು, ತನ್ನ ಸುಕ್ಕುಬಿದ್ದ ಬಲಗೈ ಮೇಲಿಂದ ನೀರು ಬಿಟ್ಟಳು. ಇಷ್ಟು ಹಳೆಯ ಪದ್ಧತಿ. ಆಮೇಲೆ ತಂಬಿಗೆಯನ್ನು ಮೊಮ್ಮಗಳ ಕೈಗೆ ಕೊಟ್ಟು ತಾನು ಬೊಗಸೆ ಒಡ್ಡಿದಳು. ಇದು ಎಂಬತ್ತೆರಡರ ನಂತರ ಅವಳೇ ಸೇರಿಸಿದ್ದು. ಸರಸಂಬಾದಲ್ಲಿ ಈಗ ಕೈನೀರು ಪಡೆದವಳು ಕೊಟ್ಟವಳಿಗೆ ತಿರುಗಿ ಬಿಡದೆ ಏಳುವಂತಿಲ್ಲ.

ರೇವಮ್ಮ ನೀರು ಬಿಟ್ಟಳು. ಮುಗಿಯಿತೆಂದು ತಂಬಿಗೆ ಕೆಳಗಿಡಲು ಹೋದಳು.

"ತಡಿ" ಅಂದಳು ನಿಂಬೆವ್ವ. ಬೊಗಸೆ ಸರಿಸಿ ಗೋಡೆಯ ಬುಡದ ನೆಲ ತೋರಿಸಿದಳು. "ಇಲ್ಲಿ ಇನ್ನೊಮ್ಮಿ ಹಾಕು."

"ಇದು ಯಾರಿಗಿ, ಆಯಿ?"

"ನಮ್ಮ ಅತ್ತಿ ಕೈಗಿ."